ಶತಮಾನಕ್ಕೆ ಜಾಲ್ಸೂರಿನಲ್ಲಿ ಸ್ಟಾಪ್ ಉಂಟಾ?

ಇಪ್ಪತ್ತನೇ ಶತಮಾನದ ಮಹತ್ವದ ಘಟನೆಗಳು ಯಾವುವು ಎಂದು ಯಾರನ್ನೇ ಕೇಳಿ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡು ಅವರ ಬಾಯಿಂದಲೇ ಹೊರಬೀಳುತ್ತದೆ. 1903 ರೈಟ್ ಸಹೋದರರು, 1905 ಐನ್‌ಸ್ಟೈನ್, 1917 ರಷ್ಯಾ, 1928 ಪೆನಿಸಿಲಿನ್, 1945 ಹಿರೋಷಿಮಾ, 1969 ಚಂದ್ರ, 1989 ಬರ್ಲಿನ್ ಗೋಡೆ. ಈ ಪಟ್ಟಿಗಳನ್ನು ನಾನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿ ನೋಡಿದ್ದೇನೆ. ಜಾಲ್ಸೂರು ಎಲ್ಲಿಯೂ ಇಲ್ಲ. ಸುಳ್ಯವೂ ಇಲ್ಲ. ಪುತ್ತೂರು ಕೂಡ ಇಲ್ಲ ಎಂಬುದು ಸುಳ್ಯದ ಕಡೆಯವರಾದ ನಮಗೆ ಸ್ವಲ್ಪ ಸಮಾಧಾನ.

ಜಾಲ್ಸೂರು ಗೊತ್ತಿಲ್ಲದವರಿಗೆ ಹೇಳುವುದಾದರೆ, ಮಾಣಿ-ಮೈಸೂರು ರಸ್ತೆಯಲ್ಲಿ ಪುತ್ತೂರು ದಾಟಿ ಸುಳ್ಯ ಮುಟ್ಟುವ ಮೊದಲು ಬಲಕ್ಕೆ ಕಾಸರಗೋಡಿನ ದಾರಿ ಒಡೆಯುತ್ತದಲ್ಲ, ಅದೇ. ಬಸ್ಸಿನಲ್ಲಿ ನಿದ್ದೆ ಬಂದಿದ್ದರೆ ನೀವು ನೋಡಿರಲಿಕ್ಕಿಲ್ಲ. ಹಾಗೆಂದು ಇತಿಹಾಸ ಈ ದಾರಿಯಲ್ಲಿ ಬಂದೇ ಇಲ್ಲ ಎನ್ನುವಂತಿಲ್ಲ. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಮಡಿಕೇರಿಯಿಂದ ಘಟ್ಟ ಇಳಿದು ಸುಳ್ಯ, ಪುತ್ತೂರು ದಾರಿಯಾಗಿ ಮಂಗಳೂರಿಗೆ ಹೋದರು. ಸುಳ್ಯದಿಂದ ಪುತ್ತೂರಿಗೆ ಹೋಗುವ ದಾರಿಯಲ್ಲೇ ಜಾಲ್ಸೂರು ಇರುವುದು. ಮಹಾತ್ಮರಿಗೂ ಬೇರೆ ಶಾರ್ಟ್‌ಕಟ್ ಇದ್ದಂತಿಲ್ಲ. ಈಗ ಈ ಭಾಗದಲ್ಲಿ ಎಲ್ಲರ ಅಜ್ಜಂದಿರೂ ಗಾಂಧೀಜಿಯನ್ನು ಕಣ್ಣಾರೆ ಕಂಡವರು. ಗಾಂಧೀಜಿ ಯಾವುದಕ್ಕಾಗಿ ಬಂದಿದ್ದರೋ ಅದಕ್ಕಾಗಿ ತನ್ನ ಮನೆಯ ಬಾವಿಯಿಂದ ಎಲ್ಲರೂ ನೀರು ಸೇದಲಿ ಎಂದ ಅಜ್ಜನನ್ನು ಮಾತ್ರ ಹುಡುಕಬೇಕು. ಕಾರಿನ ಧೂಳು ಬೇಗ ಅಡಗಿತು. ಕಾರಿನಲ್ಲಿ ಕುಳಿತವರು ಹೇಳಿದ್ದು ಅದಕ್ಕಿಂತಲೂ ಬೇಗ.

ಹಾಗಾಗಿ ನಮ್ಮ ಪಟ್ಟಿಯನ್ನು ನಾವೇ ಮಾಡಿಕೊಳ್ಳುವುದು ಒಳ್ಳೆಯದು. ಮೊದಲ ಸ್ಥಾನಕ್ಕೆ ನನ್ನ ಓಟು ಮೈಲುತುತ್ತಿಗೆ. ನಗಬೇಡಿ. ಪೆನಿಸಿಲಿನ್ ಬಂದದ್ದು ಮನುಷ್ಯನಿಗೆ, ಮೈಲುತುತ್ತು ಬಂದದ್ದು ಅಡಿಕೆಗೆ. ನಮ್ಮಲ್ಲಿ ಇಬ್ಬರಲ್ಲಿ ಯಾರಿಗೆ ಹುಷಾರಿಲ್ಲದಿದ್ದರೆ ಮನೆಯವರು ಹೆಚ್ಚು ನಿದ್ದೆಗೆಡುತ್ತಾರೆ ಎಂದು ನಿಮಗೆ ಗೊತ್ತೇ ಉಂಟು.

ಈ ಮದ್ದಿನ ಮೂಲ ಫ್ರಾನ್ಸಿನ ಬೋರ್ಡೋ. ಅಲ್ಲಿ ರಸ್ತೆ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕಿತ್ತು ತಿನ್ನುತ್ತಾರೆಂದು ತೋಟದವರು ತುತ್ತು-ಸುಣ್ಣ ಕಲಸಿ ಎರಚುತ್ತಿದ್ದರು. ನೋಡಿದವರಿಗೆ ವಿಷ ಅನ್ನಿಸಬೇಕು, ಅಷ್ಟೇ ಉದ್ದೇಶ. ಎರಚಿದ ಬಳ್ಳಿಗೆ ರೋಗ ಹಿಡಿಯುವುದಿಲ್ಲ ಎಂಬುದನ್ನು ಗಮನಿಸಿದವನು ಮಿಲಾರ್ಡೆ ಎಂಬ ಪ್ರೊಫೆಸರ್. 1885ರಲ್ಲಿ ಲೋಕಕ್ಕೆ ತಿಳಿಸಿದ. ಮುಂದೆ ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಹಿಡಿದು, ಇದೇ ದ್ರಾವಣವನ್ನು ಗೊನೆಗಳಿಗೆ ಬಿಡಿ ಎಂದರು. ನಾವು ಆಗ ಮದ್ರಾಸ್ ಪ್ರಾಂತ್ಯದವರು. ಮೈಸೂರಿನವರ ಬುದ್ಧಿಯನ್ನು ಘಟ್ಟದ ಕೆಳಗಿನವರು ಕೂಡಲೇ ಒಪ್ಪಿಕೊಂಡ ಉದಾಹರಣೆ ಇತಿಹಾಸದಲ್ಲಿಯೇ ಇಲ್ಲ. ಒಪ್ಪಿಕೊಂಡ ಮೇಲೆ ಮಾತ್ರ ಬಿಡಲಿಲ್ಲ. ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕತ್ತಿ ಅದ್ದಿ ತೆಗೆದಾಗ ಕೆಂಪಗಾದರೆ ಸುಣ್ಣ ಸಾಲದು. ಐನ್‌ಸ್ಟೈನನ ಸೂತ್ರ ನಮ್ಮ ಶಾಲೆಗಳ ಗೋಡೆಯ ಮೇಲಿದೆ. ಇದು ಬಾಯಲ್ಲಿದೆ.

ಜೂನ್-ಜುಲೈ ತಿಂಗಳ ಮಳೆಯ ನಡುವೆ ಸಿಕ್ಕಿದ ಒಂದು ದಿನದ ಬಿಸಿಲಿನಲ್ಲಿ ಜಾರುವ ಮರ ಹತ್ತಿ, ಒಂದು ಕೈಯಲ್ಲಿ ಮರ, ಇನ್ನೊಂದು ಕೈಯಲ್ಲಿ ಪೈಪು ಹಿಡಿದು ಮದ್ದು ಬಿಡುವವನ ಹೆಸರು ಮಿಲಾರ್ಡೆಯ ಪಕ್ಕದಲ್ಲಿ ಯಾವ ಪುಸ್ತಕದಲ್ಲೂ ಇಲ್ಲ. ಧಾರಣೆ ಏರಿದಾಗ ಅದು ತೋಟದವರ ಶ್ರಮ. ರೋಗ ಬಂದಾಗ ಮಾತ್ರ ‘ಅವ ಸರಿ ಮದ್ದು ಬಿಡಲಿಲ್ಲ ಮಾರಾಯ್ರೆ.’

ಚಂದ್ರನ ವಿಷಯವನ್ನೂ ಇಲ್ಲಿಯೇ ಮುಗಿಸಿಬಿಡುತ್ತೇನೆ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ, ಸಂತೋಷ. ಅಡಿಕೆಯ ಹಳದಿರೋಗ ಕೇರಳದಲ್ಲಿ ಕಾಣಿಸಿಕೊಂಡದ್ದು 1914ರಲ್ಲಿ. ಈಗ ಸಂಪಾಜೆ, ಅರಂತೋಡು ಕಡೆಯ ತೋಟಗಳು ಬೋಳಾಗಿ ನಿಂತಿವೆ. ಮದ್ದು ಇನ್ನೂ ಸಿಕ್ಕಿಲ್ಲ. ವಿಜ್ಞಾನಿಗಳು ಬರುತ್ತಾರೆ, ಮಣ್ಣು ತೆಗೆದುಕೊಂಡು ಹೋಗುತ್ತಾರೆ. ಚಂದ್ರನಿಂದಲೂ ಮಣ್ಣು ತೆಗೆದುಕೊಂಡು ಹೋದರು. ನಮಗೂ ಚಂದ್ರನಿಗೂ ಇರುವ ಸಂಬಂಧ ಅಷ್ಟೇ.

ಅಡಿಕೆಯ ಧಾರಣೆ ಕುಸಿದಾಗ 1973ರಲ್ಲಿ ಕ್ಯಾಂಪ್ಕೊ ಕಟ್ಟಿದ್ದು, ಕೋಕೋ ಬೀಜ ಕೊಳ್ಳುವವರಿಲ್ಲದೆ ಬೆಳೆಗಾರ ಕಂಗಾಲಾದಾಗ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಹಾಕಿದ್ದು, ಇವೆಲ್ಲ ಕುಚೋದ್ಯಕ್ಕೆ ಸಿಗದ ಕೆಲಸಗಳು, ಬಿಟ್ಟುಬಿಡುತ್ತೇನೆ. ಬಿಡಲಾಗದ್ದು ಒಂದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರದಿ ಪ್ರಕಟಿಸಿ ಅಡಿಕೆ ಕ್ಯಾನ್ಸರ್‌ಕಾರಕ ಎಂದಿತು. ಆ ಸಂಸ್ಥೆ ಇರುವುದು ಫ್ರಾನ್ಸಿನ ಲಿಯೋನ್ ಎಂಬ ಊರಿನಲ್ಲಿ. ಬೋರ್ಡೋದಿಂದ ಬಂದದ್ದು ವಿಜ್ಞಾನ, ಲಿಯೋನ್‌ನಿಂದ ಬಂದದ್ದು ವಿದೇಶಿ ಪಿತೂರಿ. ಫ್ರಾನ್ಸಿನ ಭೂಪಟವನ್ನು ಇಷ್ಟು ಸೂಕ್ಷ್ಮವಾಗಿ ಓದಬಲ್ಲ ರೈತರು ಬೇರೆಲ್ಲೂ ಇರಲಿಕ್ಕಿಲ್ಲ.

ಎರಡನೆಯದು ಒಂದು ಕಾಗದ. ನಮೂನೆ 7. ರಷ್ಯಾದವರು ಕ್ರಾಂತಿ ಮಾಡಿದ್ದು ಬಂದೂಕಿನಿಂದ, ಚೀನಾದವರು ಸಾವಿರಾರು ಮೈಲು ನಡೆದು. ನಾವು ಅರ್ಜಿ ತುಂಬಿ ಮಾಡಿದೆವು. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರಕಾರದ್ದೆಂದು ದೇವರಾಜ ಅರಸರ ಕಾಯಿದೆ ಹೇಳಿತು. ಒಕ್ಕಲುಗಳು ನಮೂನೆ 7ರಲ್ಲಿ ಬರೆದುಕೊಡಬೇಕು, ಭೂನ್ಯಾಯ ಮಂಡಳಿ ತೀರ್ಮಾನಿಸಬೇಕು. ಅರ್ಜಿ ಕೊಡುವ ಅವಧಿ 1979ರ ಜೂನ್ 30ರ ತನಕ ಬೆಳೆಯಿತು. ನಮ್ಮ ಕಡೆ ಇದಕ್ಕೆ ಇವತ್ತಿಗೂ ‘ಡಿಕ್ಲರೇಶನ್’ ಎಂದೇ ಹೆಸರು. ಅಮೆರಿಕದವರಿಗೆ ಒಂದು ಡಿಕ್ಲರೇಶನ್ ಇದ್ದರೆ ನಮ್ಮಲ್ಲಿ ಮನೆಗೊಂದು.

ಆ ಮಂಡಳಿಯ ಮುಂದೆ ವಕೀಲರು ಹಾಜರಾಗಬಾರದು ಎಂದು ಕಾಯಿದೆಯೇ ಹೇಳಿತ್ತು. ಪೆನಿಸಿಲಿನ್, ಕಂಪ್ಯೂಟರ್ ಎಲ್ಲ ಬದಿಗಿಡಿ. ದಕ್ಷಿಣ ಕನ್ನಡದಲ್ಲಿ, ಬೇಲಿ ಒಂದು ಗೇಣು ಸರಿದರೆ ಮಗಳ ಮದುವೆಗಿಟ್ಟ ದುಡ್ಡನ್ನು ಕೋರ್ಟಿಗೆ ಸುರಿಯುವ ಜಿಲ್ಲೆಯಲ್ಲಿ, ವಕೀಲರಿಲ್ಲದೆ ಜಾಗದ ತೀರ್ಪು! ಶತಮಾನದ ಆವಿಷ್ಕಾರ ಎನ್ನಬೇಕಾದದ್ದು ಇದನ್ನು. ಬಹಳ ಕಾಲ ಬಾಳಲಿಲ್ಲ ಎಂಬುದು ಬೇರೆ ಮಾತು. ಒಳ್ಳೆಯ ಆವಿಷ್ಕಾರಗಳನ್ನು ಹೈಕೋರ್ಟಿನ ದಾರಿ ಹಿಡಿಸುವ ಕಲೆ ನಮಗೆ ಕರಗತ.

ರಷ್ಯಾದಲ್ಲಿ ಇದೇ ಕೆಲಸ ಆಗುವಾಗ ತ್ಸಾರನ ಸಂಸಾರವನ್ನೇ ಗುಂಡಿಟ್ಟು ಕೊಂದರು. ನಮ್ಮಲ್ಲಿ ಧನಿಗಳು ಒಂದು ಹೊತ್ತಿನ ಊಟ ಬಿಟ್ಟರು. ಮರುದಿನದಿಂದ ಮಕ್ಕಳನ್ನು ಓದಿಸಲು ಶುರುಮಾಡಿದರು. ಆ ಮಕ್ಕಳು ಎಂಜಿನಿಯರು, ಡಾಕ್ಟರು, ಬ್ಯಾಂಕ್ ಮ್ಯಾನೇಜರು ಆಗಿ ಬೆಂಗಳೂರು, ಕ್ಯಾಲಿಫೋರ್ನಿಯಾ ಸೇರಿದರು. ವರ್ಷಕ್ಕೊಮ್ಮೆ ಭೂತದ ಕೋಲಕ್ಕೆ ಬಂದು, ‘ನಮ್ಮದು ಎಷ್ಟು ಜಾಗ ಹೋಯಿತು ಗೊತ್ತಾ’ ಎಂದು ಹಳೆಯ ಗದ್ದೆಗಳ ಕಡೆ ಕೈ ತೋರಿಸಿ, ಸಂಜೆಯ ಬಸ್ಸಿಗೆ ಹೊರಡುತ್ತಾರೆ. ಅರಸರು ಅವರಿಂದ ಗದ್ದೆ ಕಿತ್ತುಕೊಳ್ಳದಿದ್ದರೆ ಇವತ್ತು ಅದೇ ಗದ್ದೆಯಲ್ಲಿ ಆಳು ಸಿಗುವುದಿಲ್ಲ ಎಂದು ಗೊಣಗುತ್ತ ಕೂರಬೇಕಿತ್ತು. ಇಷ್ಟು ಉಪಕಾರ ಮಾಡಿದವರ ಹೆಸರನ್ನು ಒಬ್ಬರಾದರೂ ಮೊಮ್ಮಗನಿಗೆ ಇಟ್ಟದ್ದು ಕಾಣಲಿಲ್ಲ.

ಇನ್ನು ಅಕ್ಕಿ ಮುಡಿ ಹೊತ್ತು ಧನಿಗಳ ಅಂಗಳದಲ್ಲಿ ನಿಂತಿದ್ದವರ ಮಕ್ಕಳ ಕಥೆ. ಹೋಟೆಲಿನ ಬೆಂಚಿನಲ್ಲಿ ಈ ಮಾತು ಯಾವಾಗ ಬೇಕಾದರೂ ಕೇಳಿಸುತ್ತದೆ.

‘ಈ ಫ್ರೀ ಸ್ಕೀಮುಗಳಿಂದ ದೇಶ ಹಾಳಾಯಿತು ಮಾರಾಯ್ರೆ. ಜನ ಸೋಮಾರಿ ಆದರು.’

‘ನಿಮ್ಮದು ಎಷ್ಟು ಎಕ್ರೆ?’

‘ಎಂಟು. ಅಪ್ಪನ ಕಾಲದ್ದು.’

‘ಕ್ರಯಕ್ಕೆ ತೆಗೆದುಕೊಂಡದ್ದಾ?’

‘ಇಲ್ಲ, ಡಿಕ್ಲರೇಶನಿನಲ್ಲಿ ಆದದ್ದು.’

‘ಹಾಗಾದರೆ ಅದೂ...’

‘ಅದು ಬೇರೆ. ಪ್ರೀಮಿಯಂ ಕಟ್ಟಿದ್ದೇವೆ.’

ಉಳುವವನೇ ಹೊಲದೊಡೆಯ ಎಂದರು. ಆದರೆ ಗೇಣಿದಾರನ ಗದ್ದೆಯಲ್ಲಿ ನಿಜವಾಗಿಯೂ ನೊಗ ಹಿಡಿದು ಉತ್ತವನಿಗೆ, ನೇಜಿ ನೆಟ್ಟವಳಿಗೆ ಗೇಣಿಚೀಟಿ ಇರಲಿಲ್ಲ. ಗೇಣಿಚೀಟಿ ಇಲ್ಲದ ಮೇಲೆ ಅವರು ಉಳುವವರೂ ಅಲ್ಲ. ಅವರ ಪಾಲಿಗೆ ಬಂದದ್ದು ಐದು ಸೆಂಟ್ಸು, ಅದೂ ಗುಡ್ಡದ ಮೇಲೆ. ಶತಮಾನದ ಅತಿ ದೊಡ್ಡ ಕ್ರಾಂತಿ ಧನಿಯ ಚಾವಡಿಯಿಂದ ಒಕ್ಕಲಿನ ಜಗಲಿಗೆ ಇಳಿಯಿತು. ಅಂಗಳಕ್ಕೆ ಇಳಿಯುವ ಮೊದಲು ಸುಸ್ತಾಯಿತು.

ಮೂರನೆಯದು ಒಂದು ಸಹಿ. 1964ರ ಅಕ್ಟೋಬರ್ 30ರಂದು ದಿಲ್ಲಿಯಲ್ಲಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಕುಳಿತು ಸಿಲೋನಿನ ಚಹಾ ತೋಟಗಳ ತಮಿಳರನ್ನು ಲೆಕ್ಕ ಹಾಕಿದರು. ಒಟ್ಟು 9,75,000. ಅದರಲ್ಲಿ 5,25,000 ನಮಗೆ, 3,00,000 ನಿಮಗೆ, ಉಳಿದ 1,50,000 ಮುಂದೆ ನೋಡೋಣ. ಹತ್ತು ವರ್ಷ ಬಿಟ್ಟು ನೋಡಿ, ಆ ಉಳಿದದ್ದನ್ನೂ ಸರಿಯಾಗಿ ಅರ್ಧರ್ಧ ಮಾಡಿಕೊಂಡರು. ಪಾಲು ಪಟ್ಟಿಯಲ್ಲಿ ಒಂದು ತೆಂಗಿನ ಮರಕ್ಕೆ ಮೂರು ತಲೆಮಾರು ಮಾತು ಬಿಡುವ ನಮ್ಮವರು ಈ ಸೌಜನ್ಯವನ್ನು ಗಮನಿಸಬೇಕು. ಹೀಗೆ ಪಾಲಾದವರಲ್ಲಿ ಒಂದಷ್ಟು ಮಂದಿ ಬಂದಿಳಿದದ್ದು ಸುಳ್ಯ, ಪುತ್ತೂರಿನ ಕಾಡಿನಲ್ಲಿ. 1971ರಲ್ಲಿ ಹುಟ್ಟಿದ ಅರಣ್ಯ ಅಭಿವೃದ್ಧಿ ನಿಗಮ, ಅಂದರೆ ಕೆ.ಎಫ್.ಡಿ.ಸಿ., ಕಾಡು ಕಡಿದು ರಬ್ಬರ್ ನೆಟ್ಟಿತು. ಕಾಡು ಕಡಿಯುವುದಕ್ಕೆ ಅರಣ್ಯ ಅಭಿವೃದ್ಧಿ ಎಂದು ಹೆಸರಿಟ್ಟವರ ತಲೆಗೆ ಯಾಕೆ ಯಾರೂ ಪ್ರಶಸ್ತಿ ಕೊಡಲಿಲ್ಲವೋ. ಬ್ರೆಜಿಲಿನಿಂದ ಬ್ರಿಟಿಷರು ಸಾಗಿಸಿದ ರಬ್ಬರ್ ಬೀಜ ಸಿಲೋನ್ ಸುತ್ತಿ ಏಷ್ಯಾಕ್ಕೆ ಹಬ್ಬಿತು. ಅದರ ಹಾಲು ತೆಗೆಯುವವರೂ ಸಿಲೋನಿನಿಂದಲೇ ಬಂದರು. ಬೀಜಕ್ಕೆ ಈ ನೆಲದಲ್ಲಿ ಬೇಗ ಬೇರು ಬಂತು. ಜನರಿಗೆ ಜಾತಿ ಪ್ರಮಾಣಪತ್ರ ಸಿಗುವುದಕ್ಕೇ ಕಚೇರಿಗಳ ಮೆಟ್ಟಿಲು ಸವೆಯಬೇಕಾಯಿತು. ಹತ್ತಾರು ವರ್ಷ ಬೆಳಗಿನ ಜಾವ ಟ್ಯಾಪಿಂಗ್ ಮಾಡಿದವರು ನಮ್ಮ ಬಾಯಲ್ಲಿ ಇವತ್ತಿಗೂ ಸಿಲೋನಿನವರು. ಮಸ್ಕತ್ತಿಗೆ ಹೋಗಿ ಮೂರು ವರ್ಷದಲ್ಲಿ ತಿರುಗಿ ಬಂದವನು ಮಾತ್ರ ಕೂಡಲೇ ‘ನಮ್ಮವ’.

ಗಡಿಯ ವಿಷಯಕ್ಕೆ ಬರೋಣ, ಜಾಲ್ಸೂರಿನವರಿಗೆ ಅದು ಕಾಲ್ನಡಿಗೆಯ ದೂರ. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ, ಕಾಸರಗೋಡು ಕೇರಳಕ್ಕೆ. ಹಿಂದಿನ ದಿನದವರೆಗೆ ಒಂದೇ ಜಿಲ್ಲೆಯಲ್ಲಿದ್ದ ಅಕ್ಕ-ತಂಗಿಯರ ನಡುವೆ ಚೆಕ್‌ಪೋಸ್ಟ್ ಎದ್ದಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ನಮಗೆ ಬರಬೇಕು ಎಂದಿತು. ಸುಳ್ಯದಲ್ಲಿ ಪಯಸ್ವಿನಿ ಎಂದು ಹರಿದು ಕೆಳಗೆ ಚಂದ್ರಗಿರಿ ಎನಿಸಿಕೊಳ್ಳುವ ಹೊಳೆ ಅದೇ. ವರದಿಯ ಮೇಲೆ ಧೂಳು ಕೂತಿದೆ. ನಾವೂ ಬಿಟ್ಟಿಲ್ಲ. ಪ್ರತಿ ನವೆಂಬರಿನಲ್ಲಿ ಹಳದಿ-ಕೆಂಪು ಶಾಲು ಹೊದ್ದು, ಮೈಕಿನ ಮುಂದೆ ನಿಂತು, ಕಾಸರಗೋಡು ಕನ್ನಡ ನಾಡಿನ ಅವಿಭಾಜ್ಯ ಅಂಗ ಎಂದು ಹೇಳಿ, ಅಲ್ಲಿಂದ ಬಂದ ಕನ್ನಡ ಮಾಸ್ತರರಿಗೆ ಒಂದು ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತೇವೆ.

ಬರ್ಲಿನ್ ಗೋಡೆ 1961ರಲ್ಲಿ ಎದ್ದು 1989ರಲ್ಲಿ ಬಿತ್ತು. ಜರ್ಮನರಿಗೆ ಕಾಂಕ್ರೀಟು ಬೇಕಾಯಿತು. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ನಮಗೆ ಒಂದು ಜೆಸಿಬಿ ಮತ್ತು ಕೆಂಪು ಮಣ್ಣು ಸಾಕಾಯಿತು. ಇಂಗ್ಲೆಂಡಿನಲ್ಲಿ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬವರು 1953ರಲ್ಲಿ ಮುಂದೆ ಬುಟ್ಟಿ, ಹಿಂದೆ ಕೈ ಇರುವ ಈ ಯಂತ್ರವನ್ನು ಹೊರತಂದಾಗ ಅದು ಗುಂಡಿ ತೋಡುವುದಕ್ಕೆ ಎಂದು ತಿಳಿದಿದ್ದರೋ ಏನೋ. ಕಾಸರಗೋಡಿನ ಕಡೆಯ ರಸ್ತೆಗಳಿಗೆ ಮಣ್ಣು ಬಿತ್ತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಆಚೆ ಉಳಿದರು. ಕೆಲವರು ಚಿಕಿತ್ಸೆ ಸಿಗದೆ ತೀರಿಕೊಂಡರು. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಅವಿಭಾಜ್ಯ ಅಂಗಕ್ಕೆ ಹೀಗೆ ಕಟ್ಟು ಹಾಕಿದಾಗ ಶಾಲಿನವರು ಏನಾದರೂ ಹೇಳಿಯಾರು ಎಂದು ಕಾದೆ. ಅದು ಮಾರ್ಚ್ ತಿಂಗಳು, ನವೆಂಬರ್ ಅಲ್ಲ.

ಪ್ಲಾಸ್ಟಿಕ್ಕಿನ ಬಗ್ಗೆ ಎರಡೇ ಮಾತು. ಪಾಲಿಥೀನ್ 1933ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯಲ್ಲಿ ಆಕಸ್ಮಿಕವಾಗಿ ಹುಟ್ಟಿತು. ಎರಡನೇ ಮಹಾಯುದ್ಧದಲ್ಲಿ ರಾಡಾರಿನ ತಂತಿಗೆ ಕವಚವಾಗಿ, ರಹಸ್ಯವಾಗಿ ದುಡಿದು ಹಿಟ್ಲರನನ್ನು ಸೋಲಿಸಲು ನೆರವಾಯಿತು. ನಿವೃತ್ತಿಯ ನಂತರ ನಮ್ಮ ಕಡೆಗೆ ಬಂದು ಸಾರಾಯಿ ತೊಟ್ಟೆಯಾಯಿತು. ಹಿಟ್ಲರನಿಂದ ಆಗದ್ದನ್ನು ಅದು ಇಲ್ಲಿನ ಎಷ್ಟೋ ಮನೆಗಳಿಗೆ ಮಾಡಿತು. 2007ರಲ್ಲಿ ಸರಕಾರ ಸಾರಾಯಿ ನಿಲ್ಲಿಸಿತು. ಕುಡಿಯುವವರು ಬಾಟಲಿಗೆ ಬಡ್ತಿ ಪಡೆದರು. ತೊಟ್ಟೆ ಪಯಸ್ವಿನಿಗೆ ಹೋಯಿತು, ಈಗಲೂ ಅಲ್ಲಿಯೇ ಇದೆ.

ಪೇಟೆಯ ಮಕ್ಕಳು ಹೆಲಿಕಾಪ್ಟರನ್ನು ಮೊದಲು ನೋಡಿದ್ದು ಪ್ರಧಾನಿ ಬಂದಾಗ. ನಮ್ಮ ಆಚೀಚೆಯ ಊರುಗಳ ಮಕ್ಕಳು ನೋಡಿದ್ದು ಗೇರು ತೋಟದ ಮೇಲೆ. 1970ರ ದಶಕದ ಕೊನೆಯಿಂದ 2000ದ ತನಕ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಕಾಸರಗೋಡಿನ ಗುಡ್ಡಗಳ ಮೇಲೆ, ನಮ್ಮದೇ ಗೇರು ಅಭಿವೃದ್ಧಿ ನಿಗಮ ಕೊಕ್ಕಡದಂಥ ಊರುಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದವು. ಚಿಗುರು ಹೀರುವ ಒಂದು ಸಣ್ಣ ಹುಳುವಿನ ಮೇಲೆ ಯುದ್ಧ. ಮಕ್ಕಳು ಮದುವೆ ಮನೆ ನೋಡುವ ಹಾಗೆ ಓಡಿಬಂದು ಕತ್ತೆತ್ತಿ ನೋಡಿದರು. ಬಾವಿ ಮುಚ್ಚಿಕೊಳ್ಳಿ ಎಂದರಂತೆ. ತೋಡನ್ನು, ನೀರಿನ ಸುರಂಗವನ್ನು, ಹಸಿರು ಹುಲ್ಲನ್ನು, ಬಸುರಿಯನ್ನು ಹೇಗೆ ಮುಚ್ಚುವುದೆಂದು ಹೇಳಲಿಲ್ಲ. ಹುಟ್ಟಿದ ಮಕ್ಕಳನ್ನು ನೋಡಿದ ಮೇಲೆ ತಜ್ಞರ ಸಮಿತಿಗಳು ಬಂದವು, ಒಂದಾದ ಮೇಲೊಂದು. ಸಂಬಂಧವಿದೆ ಎಂದಿತು ಒಂದು, ಸಾಬೀತಾಗಿಲ್ಲ ಎಂದಿತು ಇನ್ನೊಂದು. 2011ರಲ್ಲಿ ಲೋಕದ ದೇಶಗಳೆಲ್ಲ ಸ್ಟಾಕ್‌ಹೋಮ್ ಒಪ್ಪಂದದಡಿ ಅದನ್ನು ನಿಷೇಧಿಸಲು ಕುಳಿತಾಗ ಬೇಡ ಎಂದು ಹಟ ಹಿಡಿದ ದೇಶ ನಮ್ಮದು. ಆ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ತಡೆಯಬೇಕಾಯಿತು. ಪಟ್ಟಿ ಮಾಡುವವರು ಕೀಟನಾಶಕವನ್ನು ‘ಆಹಾರ ಕ್ರಾಂತಿ’ ಎಂಬ ತಲೆಬರಹದ ಕೆಳಗೆ ಹಾಕುತ್ತಾರೆ. ಆವಿಷ್ಕಾರ ಮಾಡಿದವರ ಹೆಸರಿಗೆ ಜಾಗ ಉಂಟು. ಯಾರ ಮೇಲೆ ಮಾಡಿ ನೋಡಿದರೋ ಅವರ ಹೆಸರು ಮಾಸಾಶನದ ರಿಜಿಸ್ಟರಿನಲ್ಲಿದೆ, ಅದೂ ಸರ್ಟಿಫಿಕೇಟು ಸಿಕ್ಕಿದವರದು ಮಾತ್ರ.

ಇದೆಲ್ಲ ತಿಳಿಯದೆ ಆದದ್ದು ಎನ್ನುವ ಹಾಗೂ ಇಲ್ಲ. ಜಾಲ್ಸೂರಿನಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳ ದಪ್ಪ ಸಂಪುಟಗಳಲ್ಲಿ ಲೋಕದ ವಿಜ್ಞಾನವನ್ನೆಲ್ಲ ಕನ್ನಡಕ್ಕೆ ತಂದಿದ್ದರು. ನಮ್ಮ ಶಾಲೆಗಳು ಅವನ್ನು ಕೊಂಡು, ಗಾಜಿನ ಕಪಾಟಿನಲ್ಲಿಟ್ಟು, ಬೀಗ ಹಾಕಿ, ಮಕ್ಕಳ ಕೈಗೆ ಸಿಗದಂತೆ ಭದ್ರವಾಗಿ ಕಾಪಾಡಿದವು.

ಕೊನೆಗೆ ಫೋನು ಮತ್ತು ಕರೆಂಟು. ಎರಡೂ ಹತ್ತೊಂಬತ್ತನೇ ಶತಮಾನದವು ಎಂದು ತಕರಾರು ತೆಗೆಯಬೇಡಿ. ನಮ್ಮ ಕಡೆ ಬರುವಾಗ ಇಪ್ಪತ್ತು ಅರ್ಧ ಕಳೆದಿತ್ತು, ಪೂರ್ತಿ ಬಂದಿವೆಯೇ ಎಂಬುದು ಇಪ್ಪತ್ತೊಂದರಲ್ಲೂ ಚರ್ಚೆಯ ವಿಷಯ. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಬಳು ರಸ್ತೆ ಬದಿಯಲ್ಲಿ ಮಳೆಗೆ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಳು, ಅಪ್ಪ ಕೊಡೆ ಹಿಡಿದು ನಿಂತಿದ್ದರು. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಆ ಫೋಟೊ ಮಾತ್ರ ಯಾವ ನೆಟ್‌ವರ್ಕಿನ ತೊಂದರೆಯೂ ಇಲ್ಲದೆ ದೇಶವೆಲ್ಲ ಸುತ್ತಿತು. ಅಪ್ಪನ ತ್ಯಾಗವನ್ನು ಜನ ಹೊಗಳಿದರು. ಟವರಿನ ಬಗ್ಗೆ ಕೇಳುವುದಕ್ಕಿಂತ ಕೊಡೆಯನ್ನು ಹೊಗಳುವುದು ಎಲ್ಲರಿಗೂ ಅಗ್ಗ.

ಕರೆಂಟಿನ ಕಥೆ ಇನ್ನೂ ಚೆನ್ನ. ಸುಳ್ಯಕ್ಕೆ 110 ಕೆ.ವಿ. ಸಬ್‌ಸ್ಟೇಷನ್ ಬೇಕೆಂಬ ಬೇಡಿಕೆಯ ಜೊತೆಗೆ ಒಂದು ತಲೆಮಾರು ಬೆಳೆದು ಮುದಿಯಾಯಿತು. 2016ರ ಫೆಬ್ರವರಿಯ ಒಂದು ರಾತ್ರಿ ತಾಲೂಕಿನ ಒಬ್ಬ ವ್ಯಾಪಾರಿ ಕರೆಂಟಿಲ್ಲವೆಂದು ಲೈನ್‌ಮನ್ನಿಗಲ್ಲ, ನೇರವಾಗಿ ಬೆಂಗಳೂರಿಗೆ, ಇಂಧನ ಸಚಿವರಿಗೇ ಫೋನ್ ಮಾಡಿದರು. ಆಶ್ಚರ್ಯವೆಂದರೆ ಲೈನ್ ಸಿಕ್ಕಿತು. ಮಾತಿಗೆ ಮಾತು ಬೆಳೆಯಿತು. ದೂರು ದಾಖಲಾಯಿತು, ಪೊಲೀಸರು ಬಂದು ಬಂಧಿಸಿದರು, ಮುಂದೆ ಸುಳ್ಯದ ಕೋರ್ಟಿನಲ್ಲಿ ಕೇಸು ವರ್ಷಗಟ್ಟಲೆ ನಡೆಯಿತು, ಸಚಿವರಾಗಿದ್ದವರೇ ಸಾಕ್ಷಿ ಹೇಳಲು ಸುಳ್ಯಕ್ಕೆ ಬರಬೇಕಾಯಿತು. ಫೋನು ಕೆಲಸ ಮಾಡಿತು, ಠಾಣೆ ಕೆಲಸ ಮಾಡಿತು, ಕೋರ್ಟು ಕೆಲಸ ಮಾಡಿತು. ಆ ರಾತ್ರಿ ಕರೆಂಟು ಬಂತೋ ಇಲ್ಲವೋ ಎಂಬುದನ್ನು ಮಾತ್ರ ಯಾವ ಪೇಪರಿನವರೂ ಬರೆದದ್ದು ನಾನು ಓದಲಿಲ್ಲ.